ಸೂಜಿಯಿಲ್ಲದ ಇನ್ಸುಲಿನ್: ಆಸೆಪಡುವ ಮುನ್ನ

ಮಾತ್ರೆ ಸಾಲದು, ಇನ್ಸುಲಿನ್ ಶುರು ಮಾಡಬೇಕು ಎಂದು ವೈದ್ಯರು ಹೇಳಿದೊಡನೆ ಅನೇಕ ಸಹೋದರಿಯರ ಮುಖ ಬಾಡುತ್ತದೆ. ಸಕ್ಕರೆ ಕಾಯಿಲೆಗಿಂತ ಸೂಜಿಯ ಭಯವೇ ದೊಡ್ಡದು. "ಇನ್ನೊಂದು ತಿಂಗಳು ಮಾತ್ರೆಯಲ್ಲೇ ನೋಡೋಣ ಡಾಕ್ಟ್ರೇ" ಎನ್ನುತ್ತಾ ವರ್ಷ ಕಳೆಯುವವರಿದ್ದಾರೆ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಪಾದದ ನರಗಳು ಸದ್ದಿಲ್ಲದೆ ಕೆಡುತ್ತಿರುತ್ತವೆ. ಇಂತಹವರಿಗೆ ಸೂಜಿಯೇ ಇಲ್ಲದ ಉಪಕರಣವಿದೆ ಎಂದರೆ ಆಸೆಯಾಗುವುದು ಸಹಜ.

ಅಂತಹ ಉಪಕರಣ ಇರುವುದು ನಿಜ. ಅದರ ಹೆಸರು ಜೆಟ್ ಇಂಜೆಕ್ಟರ್. ಅದರೊಳಗೆ ಬಲವಾದ ಸ್ಪ್ರಿಂಗ್ ಅಥವಾ ಒತ್ತಿ ತುಂಬಿದ ಅನಿಲವಿರುತ್ತದೆ. ಚರ್ಮಕ್ಕೆ ಹಿಡಿದು ಗುಂಡಿ ಒತ್ತಿದರೆ ಇನ್ಸುಲಿನ್ ಅತಿ ಸಣ್ಣ ರಂಧ್ರದಿಂದ ರಭಸವಾಗಿ ಚಿಮ್ಮಿ, ಕ್ಷಣಾರ್ಧದಲ್ಲಿ ಚರ್ಮವನ್ನು ತೂರಿ ಒಳಗಿನ ಕೊಬ್ಬಿನಲ್ಲಿ ಹರಡುತ್ತದೆ.

ನೋವೇ ಇಲ್ಲ ಎಂಬ ಜಾಹೀರಾತನ್ನು ಮಾತ್ರ ಪೂರ್ತಿ ನಂಬಬೇಡಿ. ರಬ್ಬರ್ ಬ್ಯಾಂಡ್ ಬಡಿದಂತೆ ಚುರುಕ್ಕೆನ್ನಬಹುದು, ಚರ್ಮ ಕಂದಬಹುದು. ಸರಿಯಾಗಿ ಹಿಡಿಯದಿದ್ದರೆ ಸ್ವಲ್ಪ ಇನ್ಸುಲಿನ್ ಹೊರಗೇ ಉಳಿದು ಚರ್ಮ ಒದ್ದೆಯಾಗುತ್ತದೆ. ಆಗ ಒಳಗೆ ಹೋದದ್ದೆಷ್ಟು ಎಂದು ಹೇಳುವವರಾರು?

ಇನ್ನೊಂದು ವಿಷಯ. ಹೀಗೆ ಹರಡಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. 2011ರಲ್ಲಿ ನೆದರ್ಲ್ಯಾಂಡ್ಸ್‌ನ ಸಂಶೋಧಕರು ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ, ವೇಗವಾಗಿ ಕೆಲಸ ಮಾಡುವ ಇನ್ಸುಲಿನ್ ಪೆನ್ನಿನಲ್ಲಿ ತನ್ನ ಪೂರ್ಣ ಪ್ರಭಾವ ತೋರಲು ಸುಮಾರು 105 ನಿಮಿಷ ಹಿಡಿದರೆ, ಜೆಟ್‌ನಲ್ಲಿ 51 ನಿಮಿಷವೇ ಸಾಕಾಯಿತು. ಇದು ಒಳ್ಳೆಯದೇ, ಆದರೆ ಚುಚ್ಚಿಕೊಂಡವರು ಕೂಡಲೇ ಉಣ್ಣಬೇಕು. ಎಲ್ಲರಿಗೂ ಬಡಿಸಿ, ಪಾತ್ರೆ ಎತ್ತಿಟ್ಟು, ಕೊನೆಗೆ ತಟ್ಟೆಯ ಮುಂದೆ ಕೂರುವ ನಮ್ಮ ಗೃಹಿಣಿಯರಿಗೆ ಅಷ್ಟರಲ್ಲಿ ಕೈ ನಡುಗಿ ಬೆವರು ಬಂದೀತು.

ಗಲ್ಫ್‌ನಲ್ಲಿರುವ ಮಗ ಕಳಿಸುತ್ತೇನೆಂದರೆ ಮೊದಲು ಅಳತೆ ನೋಡಿ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. 100 ಯೂನಿಟ್‌ಗೆಂದು ಗುರುತು ಹಾಕಿದ ಉಪಕರಣದಲ್ಲಿ ಅದನ್ನು ತುಂಬಿ 10 ಎಂದು ತಿರುಗಿಸಿದರೆ ದೇಹಕ್ಕೆ ಸೇರುವುದು 4 ಯೂನಿಟ್ ಮಾತ್ರ. ಆಗಾಗ ಬದಲಿಸಬೇಕಾದ ಬಿಡಿಭಾಗಗಳು ಊರಲ್ಲಿ ಸಿಗುತ್ತವೆಯೇ ಎಂದೂ ವಿಚಾರಿಸಿ.

ಸೂಜಿ ಇಲ್ಲವಲ್ಲ ಎಂದು ಅತ್ತೆ-ಸೊಸೆ ಒಂದನ್ನೇ ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಚಿಮ್ಮುವಾಗ ರಕ್ತದ ಕಣ ತುದಿಗೆ ಅಂಟಬಹುದು. 1984-85ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಒಂದೇ ಜೆಟ್ ಇಂಜೆಕ್ಟರನ್ನು ಹಲವರಿಗೆ ಬಳಸಿ ಹೆಪಟೈಟಿಸ್-ಬಿ ಹರಡಿತ್ತು.

ನನ್ನನ್ನು ಕೇಳಿದರೆ, ಸೂಜಿಗೆ ನಿಜವಾಗಿಯೂ ತತ್ತರಿಸುವವರಿಗೆ ಇದು ಉಪಯುಕ್ತ. ಉಳಿದವರು ಇದಕ್ಕಾಗಿ ಕಾಯುತ್ತಾ ಇನ್ಸುಲಿನ್ ಮುಂದೂಡಬೇಕಿಲ್ಲ. ಇಂದಿನ ಪೆನ್ ಸೂಜಿಯ ಉದ್ದ ಬರೀ 4 ಮಿಲಿಮೀಟರ್. ಮುಂದಿನ ಸಲ ಕ್ಲಿನಿಕ್‌ಗೆ ಹೋದಾಗ, ಔಷಧವಿಲ್ಲದೆ ಆ ಸೂಜಿಯನ್ನು ಒಮ್ಮೆ ಹೊಟ್ಟೆಗೆ ಚುಚ್ಚಿ ತೋರಿಸಿ ಎಂದು ನರ್ಸನ್ನು ಕೇಳಿ.