ಐದು ಸೆಕೆಂಡಿನ ತೀರ್ಪು

ನಮ್ಮೂರಿನವರಿಗೆ ಹಿಮ ಎಂದರೆ ಐಸ್‌ಕ್ಯಾಂಡಿ ಡಬ್ಬಿಯೊಳಗೆ ಕಂಡದ್ದಷ್ಟೇ. ಹಾಗಿದ್ದೂ ಹಿಮದ ಇಳಿಜಾರಿನಲ್ಲಿ ಜಾರುವ ಅಮೆರಿಕದ ಹೆಣ್ಣುಮಗಳೊಬ್ಬಳ ಪರವಾಗಿ ನಾನು ಜಗಳಕ್ಕೆ ನಿಂತಿದ್ದೇನೆ. ಅವಳ ಹೆಸರು ಮಿಕೇಲಾ ಶಿಫ್ರಿನ್.

2022ರ ಫೆಬ್ರವರಿ, ಬೀಜಿಂಗ್ ಒಲಿಂಪಿಕ್ಸ್. ಸ್ಲಾಲಂ ಸ್ಪರ್ಧೆಯಲ್ಲಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಹೊರಳುತ್ತ ಇಳಿಯಬೇಕು. ಒಂದು ದ್ವಾರ ತಪ್ಪಿದರೂ ಆಟ ಮುಗಿಯಿತು. ಈಕೆ ಸುಮಾರು ಐದೇ ಸೆಕೆಂಡಿನಲ್ಲಿ ತಪ್ಪಿದಳು. ದಾರಿಯ ಪಕ್ಕ ಹಿಮದ ಮೇಲೆ ತಲೆ ತಗ್ಗಿಸಿ ಕೂತಳು. ಕ್ಯಾಮೆರಾ ಅವಳನ್ನು ಬಿಡಲಿಲ್ಲ. ಆ ಕೂಟದಲ್ಲಿ ಅವಳಿಗೆ ಒಂದು ಪದಕವೂ ದಕ್ಕಲಿಲ್ಲ. ಒತ್ತಡಕ್ಕೆ ಕುಸಿಯುವವಳು ಎಂದು ಎಷ್ಟೋ ಜನ ಷರಾ ಬರೆದರು. ನಮ್ಮ ಕಟ್ಟೆಯ ಪಂಡಿತರೂ ಅದಕ್ಕೆ ತಲೆದೂಗಿದರು.

ಸ್ವಾಮಿ, ನಾನು ಕೇಳುತ್ತೇನೆ. 2014ರಲ್ಲಿ, ಹದಿನೆಂಟರ ಹರೆಯದಲ್ಲಿ, ಸೋಚಿಯಲ್ಲಿ ಇದೇ ಸ್ಲಾಲಂ ಚಿನ್ನ ಗೆದ್ದವಳು ಯಾರು? 2018ರಲ್ಲಿ ಇನ್ನೊಂದು ಚಿನ್ನ ತಂದವಳು? 2020ರಲ್ಲಿ ತಂದೆಯನ್ನು ಕಳೆದುಕೊಂಡೂ ಮತ್ತೆ ಬೆಟ್ಟ ಹತ್ತಿದವಳು? ಬೀಜಿಂಗಿನ ಮರುತಿಂಗಳೇ ವಿಶ್ವಕಪ್ಪಿನ ಸಮಗ್ರ ಪ್ರಶಸ್ತಿ ಗೆದ್ದವಳು?

ಒಲಿಂಪಿಕ್ಸ್ ದೊಡ್ಡದಲ್ಲವೇ ಎನ್ನುತ್ತೀರಿ. ದೊಡ್ಡದೇ. ಆದರೆ ಅದು ನಾಲ್ಕು ವರ್ಷಕ್ಕೊಮ್ಮೆ ಬರುವ ಜಾತ್ರೆ. ವಿಶ್ವಕಪ್ ಎಂದರೆ ಚಳಿಗಾಲವಿಡೀ ಬೆಟ್ಟದಿಂದ ಬೆಟ್ಟಕ್ಕೆ ಅಲೆದು ಮಾಡುವ ದುಡಿಮೆ. ವರ್ಷವಿಡೀ ಉತ್ತ ಎತ್ತಿನ ಬೆಲೆಯನ್ನು ಜಾತ್ರೆಯ ದಿನದ ಓಟದಲ್ಲಿ ಕಟ್ಟುತ್ತೀರಾ? ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಗೆದ್ದಿದ್ದ 86 ವಿಶ್ವಕಪ್ ಸ್ಪರ್ಧೆಗಳ ದಾಖಲೆಯನ್ನು ಆಕೆ 2023ರ ಮಾರ್ಚಿನಲ್ಲಿ ದಾಟಿದಳು. 2024ರ ನವೆಂಬರಿನಲ್ಲಿ, ನೂರನೆಯ ಗೆಲುವಿಗೆಂದು ಇಳಿಯುವಾಗ, ಬಿದ್ದು ಹೊಟ್ಟೆಗೆ ಆಳದ ಗಾಯವಾಯಿತು. ಮೂರು ತಿಂಗಳಲ್ಲಿ ಎದ್ದು ಬಂದು ಆ ನೂರನೆಯದನ್ನೂ ಗೆದ್ದಳು. ಅಲ್ಲಿಯತನಕ ಗಂಡಾಗಲಿ ಹೆಣ್ಣಾಗಲಿ ಯಾರೂ ಮುಟ್ಟದ ಸಂಖ್ಯೆ ಅದು. ಈ ಹತ್ತು ವರ್ಷಗಳ ಎದುರು ಐದು ಸೆಕೆಂಡನ್ನು ತಕ್ಕಡಿಗಿಟ್ಟು, ಅದೇ ತೂಕ ಹೆಚ್ಚೆಂದರೆ ಆ ತಕ್ಕಡಿಯನ್ನೇ ಒಡೆಯಬೇಕು.

ನನಗೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ನನ್ನ ಮಗಳು ಐದನೆಯ ತರಗತಿಯಿಂದ ನಮ್ಮ ಅಂಗಡಿಯ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಬರೆದವಳು. ಪಿಯುಸಿಯ ಗಣಿತದಲ್ಲಿ ಫೇಲಾದಾಗ, ಬಂಧುಗಳೆದುರು, "ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ ಬಿಡು" ಎಂದುಬಿಟ್ಟೆ. ಅಂದಿನಿಂದ ಅವಳು ಅಂಗಡಿಯ ಪುಸ್ತಕ ಮುಟ್ಟಲಿಲ್ಲ.

ಅಂದು ಸಂಜೆ ಹಿತ್ತಲ ಬಾವಿಕಟ್ಟೆಯ ಮೇಲೆ ಅವಳು ಹಾಗೆಯೇ ತಲೆ ತಗ್ಗಿಸಿ ಕೂತಿದ್ದಳು. ಅಲ್ಲಿ ಕ್ಯಾಮೆರಾ ಇರಲಿಲ್ಲ. ನಾನಿದ್ದೆ.