ಅಜ್ಜನಿಗಿರೋದು ಸಕ್ಕರೆ ಕಾಯಿಲೆ!

ಕಳೆದ ವಾರ ಮಗಳ ಶಾಲೆಯಿಂದ ಒಂದು ಆರೋಗ್ಯದ ಫಾರ್ಮ್ ಬಂತು. ಈಗ ಹತ್ತು ವರ್ಷ ಅಲ್ವಾ, ತಾನೇ ತುಂಬುತ್ತೇನೆ ಎಂದು ಕೂತಳು. ಸಹಿ ಹಾಕುವ ಮುಂಚೆ ಕಣ್ಣಾಡಿಸಿದೆ. ಕುಟುಂಬದಲ್ಲಿ ಯಾರಿಗಾದರೂ ಡಯಾಬಿಟಿಸ್ ಇದೆಯೇ ಎಂಬಲ್ಲಿ ‘ನೋ’ ಎಂದು ಗುರುತು ಹಾಕಿದ್ದಾಳೆ.

“ಅಜ್ಜನಿಗೆ ಇದೆಯಲ್ಲ ಪುಟ್ಟಾ?”

“ಅಮ್ಮಾ, ಅಜ್ಜನಿಗಿರೋದು ಸಕ್ಕರೆ ಕಾಯಿಲೆ!”

ನಾವಿಬ್ಬರೂ ಜೋರಾಗಿ ನಕ್ಕೆವು. ಆದರೆ ತಪ್ಪು ಅವಳದಲ್ಲ. ಸಕ್ಕರೆ ಕಾಯಿಲೆ ಅವಳಿಗೆ ಅಜ್ಜಿಯ ಫೋನಿನಲ್ಲಿ ಬಂದ ಮಾತು, ಡಯಾಬಿಟಿಸ್ ಶಾಲೆಯ ಗೋಡೆಯ ಪೋಸ್ಟರಿನಲ್ಲಿ ಕಂಡ ಮಾತು. ಎರಡೂ ಒಂದೇ ಎಂದು ನಾವು ಯಾವತ್ತೂ ಹೇಳಿರಲಿಲ್ಲ.

ನಮ್ಮವರ ಮಟ್ಟಿಗೆ ಆ ಒಂದು ಗುರುತು ಸಣ್ಣದಲ್ಲ. ಎತ್ತರಕ್ಕೆ ತಕ್ಕ ತೂಕ ನೋಡುವ ಬಿಎಂಐ ಲೆಕ್ಕದಲ್ಲಿ 25 ದಾಟಿದರೆ ತೂಕ ಹೆಚ್ಚು ಎನ್ನುತ್ತಾರೆ. ಏಷ್ಯಾದವರಿಗೆ ಅಪಾಯ ಅದಕ್ಕೂ ಕೆಳಗೇ ಶುರುವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ 23ಕ್ಕೇ ಎಚ್ಚರಿಕೆಯ ಗೆರೆ ಎಳೆದರು. ಅದೇ ವರ್ಷ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಅವರ ಸ್ನೇಹಿತ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ ಕೂಡ 22.3. ಮೈಯ ಕೊಬ್ಬು ಮಾತ್ರ ಇಂಗ್ಲೆಂಡಿನವರಿಗೆ ಶೇ. 9.1, ನಮ್ಮವರಿಗೆ ಶೇ. 21.2! ಹಾಗಾಗಿ ತಕ್ಕಡಿಗಿಂತ ಟೇಪ್ ಹೆಚ್ಚು ನಿಜ ಹೇಳುತ್ತದೆ. ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ಮುಟ್ಟಿದರೆ ರಕ್ತಪರೀಕ್ಷೆ ಮುಂದೂಡಬೇಡಿ.

ಹಾಗೆಂದು ಎಲ್ಲವನ್ನೂ ರಕ್ತದ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಬ್ನೇದ್ ಅಲ್ ಗಾರ್‌ನ ಪಕ್ಕದಲ್ಲೇ ದಸ್ಮಾನ್ ಡಯಾಬಿಟಿಸ್ ಇನ್‌ಸ್ಟಿಟ್ಯೂಟ್ ಇದೆ. ಇರಲೇಬೇಕು, 2021ರ ಅಂತರರಾಷ್ಟ್ರೀಯ ಲೆಕ್ಕದಂತೆ ಕುವೈತಿನಲ್ಲಿ ಹತ್ತಿರ ಹತ್ತಿರ ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಈ ಕಾಯಿಲೆ. ಆದರೆ 2022ರ ಡಿಸೆಂಬರಿನಲ್ಲಿ ಸರ್ಕಾರಿ ಕ್ಲಿನಿಕ್ಕುಗಳಲ್ಲಿ ಹೊರದೇಶದವರ ಔಷಧಿಗೆ 5 ದಿನಾರ್, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾದರೆ 10 ದಿನಾರ್ ಶುಲ್ಕ ಬಂತು. ಸಂಸಾರ ಕರೆಸಿಕೊಂಡಿರುವ ನಮ್ಮಂಥವರು ಗೊಣಗಿ ಕೊಟ್ಟೇವು. ಒಂದು ರೂಮಿನಲ್ಲಿ ಆರು ಜನ ಮಲಗಿ, ಮೆಸ್ಸಿನ ಅನ್ನ ಉಂಡು, ಉಳಿದದ್ದನ್ನು ಊರಿಗೆ ಕಳಿಸುವವರು? ರಜೆ ಮುಗಿಸಿ ಬರುವವರ ಸೂಟ್‌ಕೇಸಿನಲ್ಲಿ ಮಾತ್ರೆ ತರಿಸಿ, ಮುಗಿಯುತ್ತ ಬಂದಾಗ ಎರಡರ ಬದಲು ಒಂದೇ ನುಂಗುವವರನ್ನು ನಾನು ಬಲ್ಲೆ.

ಇನ್ನು ನನ್ನ ಸಂಗತಿ. ಮಗಳು ಹೊಟ್ಟೆಯಲ್ಲಿದ್ದಾಗ ನನಗೂ ಶುಗರ್ ಬಂದಿತ್ತು. ಹೆರಿಗೆಯಾದ ಮೇಲೆ ಇಳಿಯಿತು, ನಾನು ಮರೆತೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟುಕೊಂಡು ಬಂದಿದೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಸಕ್ಕರೆ ನೋಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಬಸಿರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ನಾಟದ ಲಕ್ಷಣ ಹೆಚ್ಚಾಗಿ ಕಂಡಿತು. ಅಂಥ ತಾಯಂದಿರು ಆಮೇಲೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ಮಾಡಿಸಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಶುಕ್ರವಾರ ಪುತ್ತೂರಿಗೆ ವೀಡಿಯೊ ಕಾಲ್ ಮಾಡುವಾಗ ಫಾರ್ಮನ್ನು ಅವಳ ಕೈಗೇ ಕೊಟ್ಟೆ.

“ಅಜ್ಜಾ, ನಿಮಗೆ ಸಕ್ಕರೆ ಕಾಯಿಲೆ ಬಂದಾಗ ಎಷ್ಟು ವರ್ಷ?”

“ನಲವತ್ತೊಂದು ಮಗಾ. ಕಡ್ಡಿ ಹಾಗಿದ್ದೆ, ಡಾಕ್ಟ್ರು ಹೇಳಿದ್ರೂ ಯಾರೂ ನಂಬ್ಲಿಲ್ಲ.”

“ಮತ್ತೆ ಯಾರಿಗೆಲ್ಲ ಉಂಟು?”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನ್ನ ಅಣ್ಣನಿಗೂ ಇತ್ತು. ಅವನ ಕಾಲು ತೆಗೆದದ್ದು ಅದಕ್ಕೇ. ಮಕ್ಕಳಿಗೆ ಮುಳ್ಳು ಚುಚ್ಚಿದ್ದು ಅಂತ ಹೇಳ್ತಿದ್ವಿ.”

ನನ್ನವರು ಅಡುಗೆಮನೆಯಿಂದ ಈಚೆ ಬಂದು ನಿಂತರು. ದೊಡ್ಡಪ್ಪನ ಕಾಲಿನ ಮುಳ್ಳಿನ ಕತೆಯನ್ನು ಅವರು ಮೂವತ್ತೊಂಬತ್ತು ವರ್ಷದ ತನಕ ನಂಬಿದ್ದರು. ಇಂಗ್ಲಿಷಿನ ಫಾರ್ಮ್ ಕೇಳಿದ ಪ್ರಶ್ನೆಗೆ ಉತ್ತರ ಕನ್ನಡದಲ್ಲಿತ್ತು, ಅದೂ ಎಪ್ಪತ್ತು ದಾಟಿದವರ ಹತ್ತಿರ ಮಾತ್ರ. ನಿಮ್ಮ ಮನೆಯಲ್ಲೂ ಮಕ್ಕಳ ಬಾಯಿಂದಲೇ ಕೇಳಿಸಿ ನೋಡಿ. ನಮಗೆ ಹೇಳದ್ದನ್ನು ಮೊಮ್ಮಕ್ಕಳಿಗೆ ಹೇಳುತ್ತಾರೆ.

ಮಗಳು ‘ನೋ’ ಅಳಿಸಿ ಅಜ್ಜನನ್ನೂ ದೊಡ್ಡಜ್ಜನನ್ನೂ ಬರೆದಳು. “ನಿಂದೂ ಬರೀಲಾ ಅಮ್ಮಾ?” ಎಂದಳು. ಬರಿ ಎಂದೆ. ಭಾನುವಾರ ಬೆಳಿಗ್ಗೆ ಅವಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ನಾವಿಬ್ಬರೂ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋಗುತ್ತಿದ್ದೇವೆ.