ದಾರಿ ಹಾಕುವ ಮೊದಲು ಕೇಳಿ



ನಮ್ಮ ಲೈನುಮನೆಗಳಿಂದ ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ರಜೆಗೆ ಬಂದರೆ ಮೊದಲು ಹೇಳುವುದು ಬಸ್ಸಿನ ಕಷ್ಟವನ್ನೇ. ಆದುದರಿಂದ ಆ ನಗರದ ಒಂದು ಸಂಗತಿ ನಮಗೂ ಸೇರಿದ್ದು.

2016ರಲ್ಲಿ ಸರಕಾರವು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಿತು. ಖರ್ಚು 1,700 ಕೋಟಿಗೂ ಮಿಕ್ಕಿ. 800ಕ್ಕೂ ಹೆಚ್ಚು ಮರಗಳಿಗೆ ಕೊಡಲಿ. ನಮ್ಮನ್ನು ಕೇಳಲಿಲ್ಲವೆಂದು ಜನರು ಅಕ್ಟೋಬರ್ 16ರಂದು ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚಿಯಲ್ಲಿ ಯೋಜನೆ ರದ್ದಾಯಿತು.

ಸಂತೋಷವೇ. ಆದರೆ ಎಲ್ಲವೂ ತೀರ್ಮಾನವಾದ ಮೇಲೆ ಬೀದಿಗಿಳಿದು ಬೇಡವೆನ್ನುವುದು ಯೋಜನೆಯಲ್ಲಿ ಪಾಲುಗೊಂಡಂತಾಗದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮಹಾನಗರಕ್ಕೊಂದು ಯೋಜನಾ ಸಮಿತಿ ಇರಬೇಕು, ಅದರಲ್ಲಿ ಮೂರರಲ್ಲಿ ಎರಡು ಪಾಲಾದರೂ ಚುನಾಯಿತ ಪ್ರತಿನಿಧಿಗಳಿರಬೇಕು ಎನ್ನುತ್ತದೆ. ಕಾಗದದಲ್ಲಿ ಚೆನ್ನಾಗಿದೆ.

ಸಭೆ ಕರೆದರೂ, ಹಗಲು ಹನ್ನೊಂದಕ್ಕೆ ಕರೆದರೆ ಗಾರ್ಮೆಂಟ್ಸ್ ಹುಡುಗಿ ಬರುವುದೆಂತು? ಮಿಷನ್ ಬಿಟ್ಟೆದ್ದರೆ ಸಂಬಳಕ್ಕೆ ಕತ್ತರಿ. ಹೀಗೆ ಕಾರಿನವರ ಮಾತೇ ಬರಹಕ್ಕೆ ಸೇರುತ್ತದೆ. ಸಂಜೆ ಕೆಲಸ ಬಿಟ್ಟು ಅವಳು ಕಾಯುವ ನಿಲ್ದಾಣಕ್ಕೇ ಅಧಿಕಾರಿಗಳು ಹೋಗಲಿ; ಮೊದಲ ಬಸ್ಸು ಎಷ್ಟು ಹೊತ್ತಿಗೆ ಬೇಕಮ್ಮಾ, ಕೊನೆಯದು ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಲಿ.